ಮೂರು ಸಲ ಬಾಗಿಲು ಬಡಿದ ರಾತ್ರಿ

ಕಾಟ್ಪಾಡಿ ಸ್ಟೇಷನ್ನಿನಲ್ಲಿ ರೈಲಿಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನನ್ನ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಓರಗಿತ್ತಿಯ ತೋಳು. ಬುಟ್ಟಿಯಲ್ಲಿ ಚಪಾತಿ, ಚಟ್ನಿಪುಡಿ, ನಮ್ಮ ತಿಪಟೂರಿನ ಎರಡು ಗಿಟುಕು ಕೊಬ್ಬರಿ. ಮೈದುನ ಆಟೋದವನ ಹತ್ತಿರ ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದ. ಓರಗಿತ್ತಿಯ ಹೊಟ್ಟೆಯಲ್ಲಿ ಗೆಡ್ಡೆ. "ವೇಲೂರಿಗೆ ಕರಕೊಂಡು ಹೋಗಿಬಿಡಿ" ಅಂತ ತುಮಕೂರಿನ ಡಾಕ್ಟರು ಹೇಳಿದ್ದರು. ಅವಳ ಮಗುವಿಗಿನ್ನೂ ಮೂರು ವರ್ಷ. ಅದನ್ನು ನಮ್ಮತ್ತೆಯ ಮಡಿಲಿಗೆ ಹಾಕಿ ಬಂದಿದ್ದೆವು. ದಾರಿಯುದ್ದಕ್ಕೂ ಅವಳು ಮಾತಾಡಿರಲಿಲ್ಲ. ನಾನು ಮನಸ್ಸಿನಲ್ಲೇ ಮನೆದೇವರಿಗೆ ಹರಕೆಯ ಮೇಲೆ ಹರಕೆ ಹೊತ್ತುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ಹರಕೆ ಹೊತ್ತುಕೊಳ್ಳುತ್ತಲೇ ನನ್ನ ನಂಬಿಕೆ ಸಡಿಲವಾಗುತ್ತಿತ್ತು.

ಇದು ನಡೆದು ಕೆಲವು ವರ್ಷಗಳಾದವು. ವಿಮಾನ ಹತ್ತದ ನನಗೆ ಪರದೇಶ ಎಂದರೆ ವೇಲೂರೇ. ಭಾಷೆ ಬೇರೆ, ಊಟ ಬೇರೆ, ಗುರುತಿನ ಮುಖ ಒಂದೂ ಇಲ್ಲ. ಆಸ್ಪತ್ರೆಯ ಎದುರಿನ ಲಾಡ್ಜಿನಲ್ಲಿ ಅಡಿಗೆ ಮಾಡಿಕೊಳ್ಳಲು ಒಂದು ಒಲೆ ಕೊಟ್ಟಿದ್ದರು. ಅದೇ ಜಗಲಿಯಲ್ಲಿ ಪಕ್ಕದ ಕೋಣೆಯವರೂ ಅಡಿಗೆ ಮಾಡುತ್ತಿದ್ದರು. ಬಾಂಗ್ಲಾದೇಶದಿಂದ ಗಂಡನನ್ನು ಕರೆತಂದಿದ್ದ ಒಬ್ಬ ಮುಸಲ್ಮಾನ ಹೆಂಗಸು ಅವರು. ನನಗೆ ಬಂಗಾಳಿ ಬಾರದು, ಅವರಿಗೆ ಕನ್ನಡ ಬಾರದು. ಓರಗಿತ್ತಿಯನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡ ದಿನ ನಾನು ಒಲೆಯ ಮುಂದೆ ಸುಮ್ಮನೆ ಕೂತಿದ್ದೆ. ಒಲೆ ಹಚ್ಚಿರಲಿಲ್ಲ. ಆಕೆ ಬಂದು ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಒಂದು ತಟ್ಟೆಯಲ್ಲಿ ಬಿಸಿ ಬಿಸಿ ಖಿಚಡಿ ತಂದು ನನ್ನ ಮುಂದಿಟ್ಟು, "ಖಾವೊ ದಿದಿ" ಅಂದರು. ಅಷ್ಟು ಮಾತು ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಆಕೆಯೂ ಅತ್ತರು. ಅಲ್ಲಾ ಎಂದು ಅವರು ಮೇಲೆ ಕೈ ತೋರಿದರು, ನಾನು ಕೈ ಮುಗಿದೆ. ಸಡಿಲವಾಗಿದ್ದ ಗಂಟನ್ನು ಯಾರೋ ಬಿಗಿದ ಹಾಗಾಯಿತು.

ಅವತ್ತು ಸಂಜೆ ಈ ಮಾತನ್ನು ಕೋಲಾರದ ಕಡೆಯ ಒಬ್ಬ ನರ್ಸಮ್ಮನಿಗೆ ಹೇಳಿದೆ. ಕನ್ನಡ ಕೇಳಿ ನನಗೆ ತವರು ಸಿಕ್ಕಂತಾಗಿತ್ತು. ಅವರು ನಕ್ಕು, "ಈ ಆಸ್ಪತ್ರೆ ಹುಟ್ಟಿದ್ದೂ ಹಾಗೇ ಅಮ್ಮ. ಮೂರು ಜನ ಅಪರಿಚಿತರು ಒಂದು ಹುಡುಗಿಯ ಬಾಗಿಲು ಬಡಿದರು. ಅದರಿಂದ ಹುಟ್ಟಿದ್ದು" ಅಂದರು. ಅವರು ಹೇಳಿದ ಕಥೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಊರಿಗೆ ಬಂದ ಮೇಲೆ ಮಗಳ ಕೈಲಿ ಪುಸ್ತಕ ತರಿಸಿ, ಅವಳಿಂದ ಓದಿಸಿ ತಿಳಿದುಕೊಂಡೆ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ, ಸೋದರಿಯರೇ.

ಬೇಡವೆಂದ ಹುಡುಗಿ

ಹುಡುಗಿಯ ಹೆಸರು ಐಡಾ ಸ್ಕಡರ್. ಹುಟ್ಟಿದ್ದು 1870ರ ಡಿಸೆಂಬರಿನಲ್ಲಿ, ವೇಲೂರಿಗೆ ಹತ್ತಿರದ ರಾಣಿಪೇಟೆಯಲ್ಲಿ. ಮನೆತನ ಮಾತ್ರ ಅಮೆರಿಕದ್ದು. ಅವಳ ಅಜ್ಜ ಡಾಕ್ಟರ್ ಜಾನ್ ಸ್ಕಡರ್ 1819ರಲ್ಲೇ ಹಡಗು ಹತ್ತಿ ಸಿಂಹಳಕ್ಕೆ ಬಂದು, ಆಮೇಲೆ ಮದರಾಸಿಗೆ ಬಂದವರು. ಔಷಧಿಯ ಪೆಟ್ಟಿಗೆ, ಬೈಬಲ್ಲು ಎರಡನ್ನೂ ಹಿಡಿದು ಬಂದ ಮಿಷನರಿ. ಅವರ ಮಕ್ಕಳು, ಮೊಮ್ಮಕ್ಕಳು ಹಲವರು ಅದೇ ದಾರಿ ಹಿಡಿದರು. ಐಡಾಳ ತಂದೆಯೂ ಡಾಕ್ಟರು, ಹೆಸರೂ ಜಾನ್ ಎಂದೇ. ಅಣ್ಣಂದಿರ ನಡುವೆ ಇವಳೊಬ್ಬಳೇ ಹೆಣ್ಣುಮಗಳು.

ಧಾತು ಈಶ್ವರ ಸಂವತ್ಸರಗಳ ಬರ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, 1876ರಿಂದ 78ರವರೆಗೆ ನಮ್ಮ ಮೈಸೂರು ಸೀಮೆಯನ್ನೂ ಮದರಾಸು ಸೀಮೆಯನ್ನೂ ಸುಟ್ಟ ಬರ, ಅದನ್ನು ಐಡಾ ಆರು ಏಳು ವರ್ಷದ ಮಗುವಾಗಿ ಕಣ್ಣಾರೆ ಕಂಡಳು. ಹಸಿದ ಮಕ್ಕಳಿಗೆ ರೊಟ್ಟಿಯ ಚೂರು ಹಂಚಿದಳು. ದಾರಿಯ ಬದಿ ಬಿದ್ದ ಮಕ್ಕಳನ್ನು ನೋಡಿದಳು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಂಥದ್ದನ್ನು ಕಂಡ ಮಗುವಿಗೆ ಆ ದೇಶದ ಮೇಲೆ ಪ್ರೀತಿ ಬರುವುದು ಹೇಗೆ? ಹೆದರಿಕೆ ಬಂತು.

ಬರ ಮುಗಿದ ಮೇಲೆ ಸಂಸಾರ ಅಮೆರಿಕಕ್ಕೆ ಹೋಯಿತು. ಕೆಲವು ವರ್ಷಗಳ ನಂತರ ತಂದೆ ಮತ್ತೆ ಭಾರತಕ್ಕೆ ಹೊರಟರು. ಹಿಂದೆಯೇ ತಾಯಿಯೂ ಹೊರಟರು. ಹದಿಮೂರು ತುಂಬದ ಐಡಾಳನ್ನು ನೆಂಟರ ಮನೆಯಲ್ಲಿ ಬಿಟ್ಟರು. ತಾಯಿ ಹೊರಟ ರಾತ್ರಿ ಹುಡುಗಿ ತಾಯಿಯ ಖಾಲಿ ಹಾಸಿಗೆಯ ಮೇಲೆ ಬಿದ್ದು ಅತ್ತಳಂತೆ. ಮಿಷನ್ ಎಂಬ ಮಾತು ಕೇಳಿದರೆ ಅವಳಿಗೆ ನೆನಪಾಗುತ್ತಿದ್ದುದು ಆ ಖಾಲಿ ಹಾಸಿಗೆ. ತನ್ನ ತಾಯಿಯನ್ನು ತನ್ನಿಂದ ಕಿತ್ತುಕೊಂಡ ದೇವರ ಕೆಲಸ ಅದು! ಮ್ಯಾಸಚೂಸೆಟ್ಸಿನ ನಾರ್ತ್‌ಫೀಲ್ಡ್ ಎಂಬಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಓದುವಾಗ ಗೆಳತಿಯರು "ನಿಮ್ಮ ಮನೆತನದಲ್ಲಿ ಎಲ್ಲರೂ ಮಿಷನರಿಗಳೇ, ನೀನೂ ಅದೇ ಆಗುತ್ತೀಯ ಬಿಡು" ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಅಮೆರಿಕದಲ್ಲೇ ಇರಬೇಕು, ಒಳ್ಳೆಯ ಹುಡುಗನನ್ನು ಮದುವೆಯಾಗಬೇಕು, ಚೆಂದವಾಗಿ ಸಂಸಾರ ಮಾಡಬೇಕು. ಅಷ್ಟೇ ಅವಳ ಆಸೆ. ಇದರಲ್ಲಿ ತಪ್ಪೇನಿದೆ ಹೇಳಿ? ನಮ್ಮ ನಿಮ್ಮ ಆಸೆಯೂ ಅದೇ ಆಗಿತ್ತು.

1890ರಲ್ಲಿ ತಾಯಿಗೆ ಕಾಯಿಲೆ ಎಂದು ಸುದ್ದಿ ಬಂತು. ಐಡಾ ಹಡಗು ಹತ್ತಿದಳು. ತಾಯಿ ಗುಣವಾಗುವವರೆಗೆ ಇದ್ದು ಬಂದುಬಿಡುತ್ತೇನೆ ಎಂದು ಹೇಳಿಯೇ ಹೊರಟಳು. ಬಂದದ್ದು ಮದರಾಸಿನಿಂದ ದಕ್ಷಿಣಕ್ಕಿರುವ ತಿಂಡಿವನಕ್ಕೆ.

ಆ ಒಂದು ರಾತ್ರಿ

ತಿಂಡಿವನದಲ್ಲಿ ಒಂದು ರಾತ್ರಿ. ಐಡಾ ದೀಪದ ಮುಂದೆ ಕೂತಿದ್ದಾಳೆ. ಬಾಗಿಲು ಬಡಿದ ಸದ್ದು. ತೆಗೆದು ನೋಡಿದರೆ ಒಬ್ಬ ಬ್ರಾಹ್ಮಣ ಯುವಕ. ಓದಿದವನು, ಸಭ್ಯ. ಹೆಂಡತಿಗೆ ಹೆರಿಗೆ ನೋವು ಬಂದು ತುಂಬ ಹೊತ್ತಾಯಿತು, ಸೂಲಗಿತ್ತಿ ಕೈ ಚೆಲ್ಲಿದ್ದಾಳೆ. ಆ ಹೆಂಡತಿಯ ವಯಸ್ಸು ಹದಿನಾಲ್ಕು. ನೀವು ಬರಬೇಕು ಅಂತ ಐಡಾಳನ್ನು ಬೇಡಿಕೊಂಡ.

ಐಡಾ, ತನಗೆ ಇದೇನೂ ಗೊತ್ತಿಲ್ಲ, ತಂದೆ ಡಾಕ್ಟರು, ಅವರನ್ನು ಕರೆಯುತ್ತೇನೆ ಅಂದಳು. ಯುವಕನ ಮುಖ ಬಾಡಿತು. ಪರಪುರುಷ ತನ್ನ ಹೆಂಡತಿಯನ್ನು ನೋಡುವುದು ಸಾಧ್ಯವೇ ಇಲ್ಲ. ಬೇಕಾದರೆ ತಾನೂ ತಂದೆಯ ಜೊತೆಗೆ ಬರುತ್ತೇನೆ ಎಂದಳು ಐಡಾ. ಆದರೂ ಆಗದು. ಅವನು ತಲೆ ತಗ್ಗಿಸಿ ಕತ್ತಲೆಯಲ್ಲಿ ಹೋಗಿಬಿಟ್ಟ.

ಸ್ವಲ್ಪ ಹೊತ್ತಿಗೆ ಮತ್ತೆ ಹೆಜ್ಜೆಯ ಸದ್ದು. ಅವನೇ ಮನಸ್ಸು ಬದಲಾಯಿಸಿ ಬಂದನೇನೋ ಎಂದು ಐಡಾ ಓಡಿ ಬಂದಳು. ಬಂದವನು ಮುಸಲ್ಮಾನ. ಅವನ ಮನೆಯಲ್ಲೂ ಅದೇ ಸಂಕಟ, ಅದೇ ಕೋರಿಕೆ. ತಂದೆಯ ಹೆಸರು ಹೇಳಿದೊಡನೆ ಅವನದೂ ಅದೇ ಉತ್ತರ. ಮನೆಯ ಗಂಡಸರನ್ನು ಬಿಟ್ಟು ಬೇರೆ ಗಂಡಸು ಆಕೆಯ ಮುಖ ನೋಡಿಲ್ಲ. ಅವನೂ ಹೋದ. ಮೂರನೆಯ ಸಲ ಬಾಗಿಲು ಬಡಿದವನು ಮೊದಲಿಯಾರ್ ಜಾತಿಯ ಹಿಂದೂ. ಅವನೂ ಬಂದ ಹಾಗೆಯೇ ಹೋದ.

ಒಂದೇ ರಾತ್ರಿ, ಮೂರು ಮನೆ. ಮೂರು ಜಾತಿ ಮತ, ಒಂದೇ ನೋವು. ಜಾತಿ ಬೇರೆ ಎಂದು ಒಬ್ಬರು ಇನ್ನೊಬ್ಬರ ಮನೆಯ ನೀರು ಕುಡಿಯದ ಕಾಲ. ಹೆಂಗಸನ್ನು ಸಾಯಲು ಬಿಡುವುದರಲ್ಲಿ ಮಾತ್ರ ಮೂವರದೂ ಒಂದೇ ಕಟ್ಟಳೆ!

ಅವರನ್ನು ಕಲ್ಲೆದೆಯವರು ಎಂದು ನಾನು ಬೈಯಲಾರೆ. ಕಲ್ಲೆದೆಯವರಾಗಿದ್ದರೆ ಅಪರಾತ್ರಿಯಲ್ಲಿ ದೊರೆಸಾನಿಯ ಬಾಗಿಲು ಬಡಿಯುತ್ತಿರಲಿಲ್ಲ. ಹೆಂಡತಿಯ ಮೇಲೆ ಪ್ರೀತಿಯಿತ್ತು. ಆದರೆ ಹಿಂದಿನಿಂದ ಬಂದ ಕಟ್ಟು ಆ ಪ್ರೀತಿಗಿಂತ ಬಲವಾಗಿತ್ತು.

ಐಡಾ ಆ ರಾತ್ರಿ ನಿದ್ದೆ ಮಾಡಲಿಲ್ಲ. ಪ್ರಾರ್ಥನೆ ಮಾಡಿದಳು, ಆದರೆ ಉತ್ತರ ಏನು ಬರುತ್ತದೋ ಎಂದು ಹೆದರಿಯೇ ಮಾಡಿದಳು. ಗೆಳತಿಯರು, ಅಮೆರಿಕ, ಮದುವೆಯ ಕನಸು ಎಲ್ಲ ಒಂದು ಕಡೆ. ಗೋಡೆಯಾಚೆ ನರಳುತ್ತಿರುವ ತನಗಿಂತ ಚಿಕ್ಕ ಹುಡುಗಿಯರು ಇನ್ನೊಂದು ಕಡೆ. ಬೆಳಗಾಗುವ ಹೊತ್ತಿಗೆ ಊರಿನಿಂದ ತಮಟೆಯ ಸದ್ದು ಕೇಳಿತು. ಸಾವಿನ ತಮಟೆ. ಆಳನ್ನು ಕಳಿಸಿ ವಿಚಾರಿಸಿದಳು. ಮೂವರೂ ಸತ್ತಿದ್ದರು.

ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಯೋಚಿಸಿದಳು. ಹೊರಗೆ ಬಂದವಳು ತಂದೆತಾಯಿಯ ಮುಂದೆ ನಿಂತು, ತಾನು ಅಮೆರಿಕಕ್ಕೆ ಹೋಗಿ ಡಾಕ್ಟರಿಕೆ ಓದಿ ಇಲ್ಲಿಗೇ ವಾಪಸು ಬರುತ್ತೇನೆ ಎಂದಳು. ದೇವರನ್ನು ಮುಖಾಮುಖಿ ಕಂಡದ್ದು ಆ ರಾತ್ರಿಯೇ ಮೊದಲು ಎಂಬ ಅರ್ಥದಲ್ಲಿ ಆಕೆ ಮುಂದೆ ಹೇಳಿಕೊಂಡದ್ದುಂಟು.

ಗಮನಿಸಿ, ಸೋದರಿಯರೇ. ಅವಳಿಗೆ ಮನೆಯಲ್ಲಿ ಬೈಬಲ್ಲಿಗೇನು ಕೊರತೆ? ಹುಟ್ಟಿದಾಗಿನಿಂದ ಪ್ರಾರ್ಥನೆ, ಉಪದೇಶ ಕೇಳಿ ಬೆಳೆದವಳು. ಅದು ಯಾವುದೂ ನಾಟಿರಲಿಲ್ಲ. ನಾಟಿದ್ದು ಬಾಗಿಲಲ್ಲಿ ನಿಂತ ಮೂವರು ಗಂಡಸರ ಬಾಡಿದ ಮುಖ. ಅವರಲ್ಲಿ ಒಬ್ಬನೂ ಅವಳ ಮತದವನಲ್ಲ. ತಂದೆತಾಯಿ ಕೊಟ್ಟ ನಂಬಿಕೆ ಪೆಟ್ಟಿಗೆಯಲ್ಲಿಟ್ಟ ಸೀರೆಯ ಹಾಗಿತ್ತು. ಉಟ್ಟದ್ದು ಆ ರಾತ್ರಿ.

ಹಿಂದಿರುಗಿ ಬಂದಳು

ಹೇಳುವುದು ಸುಲಭ. ಹೆಣ್ಣಿಗೆ ಡಾಕ್ಟರಿಕೆ ಕಲಿಸುವ ಕಾಲೇಜುಗಳು ಆಗ ಅಮೆರಿಕದಲ್ಲೂ ಕಡಿಮೆ. ಐಡಾ ಮೊದಲು ಸೇರಿದ್ದು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ. ಈ ಕಾಲೇಜಿನ ಹೆಸರು ಬಂದಾಗ ನಮ್ಮ ಇನ್ನೊಬ್ಬ ಹೆಣ್ಣುಮಗಳನ್ನು ನೆನೆಯಲೇಬೇಕು. ಮಹಾರಾಷ್ಟ್ರದ ಆನಂದಿಬಾಯಿ ಜೋಶಿ ಡಾಕ್ಟರ್ ಪದವಿ ಪಡೆದದ್ದು ಅದೇ ಕಾಲೇಜಿನಲ್ಲಿ, 1886ರಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ಹೆತ್ತ ಮಗು ಹತ್ತು ದಿನಕ್ಕೇ ತೀರಿಕೊಂಡಾಗ, ವೈದ್ಯೆ ಆಗಲೇಬೇಕು ಎಂದು ಸಮುದ್ರ ದಾಟಿದ ಧೀರೆ. ಪದವಿ ಪಡೆದು ಊರಿಗೆ ಬಂದವಳು ಮರುವರ್ಷವೇ ಕ್ಷಯದಿಂದ ತೀರಿಕೊಂಡಳು. ಇಪ್ಪತ್ತೆರಡು ತುಂಬಿರಲಿಲ್ಲ. ಇಲ್ಲಿಂದ ಒಬ್ಬಳು ಅಲ್ಲಿಗೆ ಹೋದಳು, ಅಲ್ಲಿಂದ ಒಬ್ಬಳು ಇಲ್ಲಿಗೆ ಬಂದಳು. ಇಬ್ಬರನ್ನೂ ಹೊರಡಿಸಿದ್ದು ಬಾಣಂತಿಯ ಕೋಣೆಯ ಸಂಕಟವೇ.

ಐಡಾ ಕೊನೆಯ ವರ್ಷಕ್ಕೆ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿಗೆ ಬಂದು 1899ರಲ್ಲಿ ಪಾಸಾದರು. ಇನ್ನು ಅವರನ್ನು ಹುಡುಗಿ ಎಂದು ಕರೆಯುವ ಹಾಗಿಲ್ಲ, ಡಾಕ್ಟರಮ್ಮ!

ಹೊರಡುವ ಮುಂಚೆ ವೇಲೂರಿನಲ್ಲಿ ಹೆಂಗಸರ ಆಸ್ಪತ್ರೆ ಕಟ್ಟಲು ಹಣ ಕೂಡಿಸಬೇಕಾಗಿತ್ತು. ಹಡಗಿನ ದಿನ ಹತ್ತಿರ ಬಂತು, ಹಣ ಕೂಡಲಿಲ್ಲ. ಒಬ್ಬ ಮಹಿಳೆಯ ಮನೆಗೆ ಹೋಗಿ ಆ ಮೂರು ಸಾವಿನ ಕಥೆ ಹೇಳಿ ಸಹಾಯ ಕೇಳಿದರು. ಪಕ್ಕದ ಕೋಣೆಯಲ್ಲಿದ್ದ ಆಕೆಯ ಭಾವ ಷೆಲ್ ಎಂಬ ಬ್ಯಾಂಕಿನ ಧಣಿ ಅದನ್ನು ಕೇಳಿಸಿಕೊಂಡರಂತೆ. ಮರುದಿನ ಐಡಾರನ್ನು ಕರೆಸಿ, ತೀರಿಕೊಂಡ ತಮ್ಮ ಹೆಂಡತಿಯ ನೆನಪಿಗೆ 10,000 ಡಾಲರ್ ಕೊಟ್ಟರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ.

1900ರ ಹೊಸ ವರ್ಷದ ಹೊತ್ತಿಗೆ ಐಡಾ ವೇಲೂರಿಗೆ ಬಂದಿಳಿದರು. ಜೊತೆಗೆ ಗೆಳತಿ ಆ್ಯನಿ ಹ್ಯಾನ್ಕಾಕ್. ತಂದೆಯ ಕೈಕೆಳಗೆ ಕೆಲಸ ಕಲಿಯಬಹುದು ಎಂಬ ಧೈರ್ಯದಲ್ಲಿ ಬಂದಿದ್ದರು. ಅದೇ ಮೇ ತಿಂಗಳಲ್ಲಿ ತಂದೆ ತೀರಿಕೊಂಡರು. ಹೊಸ ಡಾಕ್ಟರು, ಹೇಳಿಕೊಡುವವರಿಲ್ಲ. ಮನೆಯ ಒಂದು ಸಣ್ಣ ಕೋಣೆಯಲ್ಲಿ ಒಂದೇ ಹಾಸಿಗೆ ಹಾಕಿ ಚಿಕಿತ್ಸೆ ಶುರು ಮಾಡಿದರು. ಮೊದಮೊದಲು ಜನ ನಂಬಲಿಲ್ಲ. ಯಾವ ಹೆಂಗಸರಿಗಾಗಿ ಇಷ್ಟು ದೂರ ಬಂದರೋ ಅವರೇ ಬಾಗಿಲು ತಟ್ಟಲಿಲ್ಲ! ನಿಧಾನವಾಗಿ ಒಬ್ಬರ ಬಾಯಿಂದ ಒಬ್ಬರಿಗೆ ಸುದ್ದಿ ಹೋಯಿತು. ಆಮೇಲೆ ವರಾಂಡ, ಅಂಗಳ ಎಲ್ಲ ತುಂಬಿತು. 1902ರಲ್ಲಿ ಷೆಲ್ ಕೊಟ್ಟ ಹಣದಿಂದ ಕಟ್ಟಿದ 40 ಹಾಸಿಗೆಯ ಮೇರಿ ಟೇಬರ್ ಷೆಲ್ ಆಸ್ಪತ್ರೆ ತೆರೆಯಿತು.

ಹಳ್ಳಿಗಳಿಂದ ಹೆಂಗಸರು ಅಷ್ಟು ದೂರ ಬರಲಾರರು ಎಂದು ಡಾಕ್ಟರಮ್ಮ ತಾವೇ ಹೊರಟರು. ವೇಲೂರಿನಿಂದ ಗುಡಿಯಾತ್ತಂಗೆ ಹೋಗುವ ರಸ್ತೆಯಲ್ಲಿ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ಔಷಧಿ ಕೊಡುತ್ತಿದ್ದರು. ಮುಂದೆ ಮೋಟಾರು ಬಂತು. ಎತ್ತಿಲ್ಲದೆ ಗುಡುಗುಡು ಎಂದು ಬರುವ ಗಾಡಿಯನ್ನು ಕಂಡು ಜನ ದೆವ್ವವೆಂದು ಓಡಿದರಂತೆ. ಓಡಿದವರೇ ಆಮೇಲೆ ಇಂಥ ದಿನ ಡಾಕ್ಟರಮ್ಮ ಬರುತ್ತಾರೆ ಎಂದು ಮರದ ಕೆಳಗೆ ಸಾಲಾಗಿ ಕೂತು ಕಾಯತೊಡಗಿದರು. ಕಣ್ಣುಬೇನೆ, ಹುಣ್ಣು, ಕುರು, ಹಲ್ಲುನೋವು, ಎಳೆ ಮಕ್ಕಳ ಜ್ವರ, ಎಲ್ಲಕ್ಕೂ ಆ ಮರದಡಿಯೇ ಆಸ್ಪತ್ರೆ.

ಮೂರು ಅರ್ಜಿ ಬಂದರೆ ಹೆಚ್ಚು!

ಒಬ್ಬಳು ಡಾಕ್ಟರಮ್ಮ ಎಷ್ಟು ಮನೆಗೆ ಹೋದಾಳು? ಈ ದೇಶದ ಹೆಣ್ಣುಮಕ್ಕಳೇ ಕಲಿಯಬೇಕು ಎಂದು ಐಡಾ 1909ರಲ್ಲಿ ನರ್ಸುಗಳ ಶಾಲೆ ತೆರೆದರು. ಆಮೇಲೆ ಹೆಣ್ಣುಮಕ್ಕಳ ವೈದ್ಯಕೀಯ ಶಾಲೆಗೆ ಅನುಮತಿ ಕೇಳಿ ಮದರಾಸಿನ ಹಿರಿಯ ವೈದ್ಯಾಧಿಕಾರಿಯ ಹತ್ತಿರ ಹೋದರು. ಆತ, ನಿಮಗೆ ಮೂರು ಅರ್ಜಿ ಬಂದರೆ ಹೆಚ್ಚು, ಆರು ಬಂದರೆ ಶಾಲೆ ತೆರೆಯಿರಿ ಎಂಬಂತೆ ಮಾತಾಡಿದನಂತೆ. ಬಂದ ಅರ್ಜಿ 151!

1918ರ ಆಗಸ್ಟಿನಲ್ಲಿ ಶಾಲೆ ಆರಂಭವಾಯಿತು. ಗಂಡುಮಕ್ಕಳ ಶಾಲೆಗಳಲ್ಲೇ ಐವರಲ್ಲಿ ಒಬ್ಬ ಪಾಸಾಗುವುದು, ನಿಮ್ಮ ಹುಡುಗಿಯರು ಫೇಲಾದರೆ ಬೇಸರ ಪಡಬೇಡಿ ಎಂದು ಮೊದಲೇ ಸಮಾಧಾನವನ್ನೂ ಹೇಳಿದ್ದರು. ಮೊದಲ ವರ್ಷದ ಪರೀಕ್ಷೆಗೆ ಹದಿನಾಲ್ಕು ಹುಡುಗಿಯರು ಕೂತರು. ಹದಿನಾಲ್ಕೂ ಪಾಸು!

ಈ ಭಾಗವನ್ನು ಮಗಳು ಓದಿ ಹೇಳುವಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ಕಾವಲಿಯ ಮೇಲಿನ ರೊಟ್ಟಿ ಸೀದರೂ ತಿಳಿಯಲಿಲ್ಲ. ಹೈಸ್ಕೂಲಿಗೇ ಓದು ನಿಲ್ಲಿಸಿದವಳು ನಾನು. ಆ ಹದಿನಾಲ್ಕು ಹುಡುಗಿಯರ ಹೆಸರು ನನಗೆ ತಿಳಿಯದು. ಆದರೂ ನನ್ನ ಅಕ್ಕತಂಗಿಯರೇ ಪಾಸಾದ ಹಾಗೆ ಸಂತೋಷವಾಯಿತು.

1928ರಲ್ಲಿ ಗಾಂಧೀಜಿ ಈ ಶಾಲೆಗೆ ಬಂದು ನೋಡಿ ಹೋದರು. ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದುಕೊಳ್ಳಬೇಡಿ. 1938ರಲ್ಲಿ ಮದರಾಸು ಸರ್ಕಾರ, ಡಿಪ್ಲೊಮಾ ಸಾಲದು, ಡಾಕ್ಟರಾಗಲು ಎಂ.ಬಿ.ಬಿ.ಎಸ್. ಪದವಿಯೇ ಬೇಕು ಎಂದಿತು. ಅಷ್ಟು ದೊಡ್ಡ ಕಾಲೇಜು ಮಾಡಲು ಹಣವೆಲ್ಲಿ? ನಾವಾದರೆ ಮೊಮ್ಮಕ್ಕಳನ್ನು ಆಡಿಸಿಕೊಂಡು ಕೂರುವ ಎಪ್ಪತ್ತರ ವಯಸ್ಸಿನಲ್ಲಿ ಐಡಾ ಮತ್ತೆ ಅಮೆರಿಕಕ್ಕೆ ಹೋದರು. ಎರಡನೆಯ ಮಹಾಯುದ್ಧದ ಕಾಲ. ಊರೂರು ಸುತ್ತಿ ಹಣ ಕೇಳಿದರು.

ಅಲ್ಲಿ ಇನ್ನೊಂದು ನೋವು. ಗಂಡುಮಕ್ಕಳನ್ನೂ ಸೇರಿಸಿಕೊಂಡರೆ ಮಾತ್ರ ಕಾಲೇಜು ಉಳಿಯುತ್ತದೆ ಎಂಬ ಸ್ಥಿತಿ ಬಂತು. ಮೊದಲಿನಿಂದ ಬೆನ್ನಿಗೆ ನಿಂತು ಲಕ್ಷಾಂತರ ಡಾಲರ್ ಕೂಡಿಸಿಕೊಟ್ಟಿದ್ದ ಲೂಸಿ ಪೀಬಾಡಿ ಎಂಬ ಹಿರಿಯ ಗೆಳತಿ ಇದನ್ನು ಒಪ್ಪಲಿಲ್ಲ. ಹೆಂಗಸರಿಗಾಗಿ ಕೊಟ್ಟ ಹಣ ಹೆಂಗಸರಿಗೇ ಇರಲಿ ಎಂಬುದು ಆಕೆಯ ವಾದ. ಅದರಲ್ಲೂ ನ್ಯಾಯವಿತ್ತು. ಐಡಾ ಬಹಳ ಸಂಕಟಪಟ್ಟು, ಕೊನೆಗೆ ಕಾಲೇಜು ಉಳಿಯಲಿ ಎಂದೇ ತೀರ್ಮಾನಿಸಿದರು. 1942ರಲ್ಲಿ ಎಂ.ಬಿ.ಬಿ.ಎಸ್. ತರಗತಿ ಶುರುವಾಯಿತು. 1947ರಲ್ಲಿ ಮೊದಲ ಸಲ ಹತ್ತು ಗಂಡುಮಕ್ಕಳು ಸೇರಿದರು. ಕೈಯಿಂದ ಸಾಕಿದ್ದನ್ನು ಹೊಸ ದಾರಿಗೆ ಬಿಟ್ಟುಕೊಡುವುದು ಎಷ್ಟು ಕಷ್ಟ ಎಂಬುದು ಮಕ್ಕಳ ತಾಯಂದಿರಿಗೆ ಗೊತ್ತು.

ಬಂದದ್ದು ಮತ ಬದಲಾಯಿಸಲಲ್ಲವೇ?

ಈ ಕಥೆಯನ್ನು ನಮ್ಮ ಬೀದಿಯ ಭಜನಾ ಮಂಡಳಿಯಲ್ಲಿ ಹೇಳಿದಾಗ ಒಬ್ಬರು ಹಿರಿಯರು ಇದೇ ಪ್ರಶ್ನೆ ಕೇಳಿದರು. "ಅವರು ಬಂದದ್ದೇ ಅದಕ್ಕಲ್ಲವೇನಮ್ಮ?"

ಮುಚ್ಚಿಡುವುದು ಬೇಡ. ಮಿಷನ್ನಿನವರು ತಮ್ಮ ಮತವನ್ನು ಸಾರಲೆಂದೂ ಬಂದರು. ಐಡಾ ಅವರ ಅಜ್ಜ, ತಂದೆ ಇಬ್ಬರದೂ ಅದೇ ಕೆಲಸ. ಐಡಾರೂ ಕೊನೆಯವರೆಗೆ ಯೇಸುವನ್ನು ನಂಬಿದವರು, ಪ್ರಾರ್ಥನೆ ಮಾಡಿಯೇ ಕೆಲಸಕ್ಕೆ ತೊಡಗುತ್ತಿದ್ದವರು. ಇಂದಿಗೂ ಆ ಆಸ್ಪತ್ರೆಯಲ್ಲಿ ಪ್ರಾರ್ಥನಾ ಮಂದಿರವಿದೆ. ಆದರೆ ನನ್ನ ಓರಗಿತ್ತಿಯ ಹಣೆಯ ಕುಂಕುಮವನ್ನಾಗಲಿ, ನಮ್ಮ ಪಕ್ಕದ ಕೋಣೆಯಾಕೆಯ ತಸ್ಬಿಯನ್ನಾಗಲಿ ಅಲ್ಲಿ ಯಾರೂ ಏಕೆ ಎಂದು ಕೇಳಲಿಲ್ಲ. ನಾನು ಕಂಡದ್ದನ್ನು ಹೇಳುತ್ತಿದ್ದೇನೆ.

ನನಗೆ ತೋಚುವುದು ಇಷ್ಟು. ಆ ರಾತ್ರಿ ತಿಂಡಿವನದಲ್ಲಿ ಬದಲಾದವರು ಯಾರು? ಬಾಗಿಲು ಬಡಿದ ಮೂವರಲ್ಲ. ಬಾಗಿಲು ತೆಗೆದವಳು. ಇಲ್ಲಿನ ಜನಕ್ಕೆ ದೇವರನ್ನು ತೋರಿಸಲು ಬಂದವರ ಮನೆಯ ಮಗಳಿಗೆ ಇಲ್ಲಿನ ಜನವೇ ದೇವರನ್ನು ತೋರಿಸಿದರು.

ಹೀಗೆ ಬಂದವರು ಐಡಾ ಒಬ್ಬರೇ ಅಲ್ಲ. ಐಡಾ ಹುಟ್ಟಿದ 1870ರಲ್ಲೇ ಕ್ಲಾರಾ ಸ್ವೈನ್ ಎಂಬ ಡಾಕ್ಟರಮ್ಮ ಉತ್ತರದ ಬರೇಲಿಗೆ ಬಂದಿಳಿದರು. 1894ರಲ್ಲಿ ಎಡಿತ್ ಬ್ರೌನ್ ಎಂಬುವರು ಲೂಧಿಯಾನದಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ ತೆರೆದರು. ನಮ್ಮ ಮೈಸೂರಿನಲ್ಲಿ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಹಳಬರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಕೋಲಾರದಲ್ಲೂ ಅಂಥದ್ದೊಂದು ಇದೆ. ನಿಮ್ಮಲ್ಲಿ ಎಷ್ಟು ಜನರ ಅಜ್ಜಿಯರಿಗೆ ಅಲ್ಲಿ ಸುಖವಾಗಿ ಹೆರಿಗೆಯಾಗಿದೆಯೋ!

ವಿಳಾಸವಿಲ್ಲದ ಕಾಗದ

ಐಡಾ ಮದುವೆಯಾಗಲಿಲ್ಲ. ತಾಯಿಯನ್ನು ಕೊನೆಯವರೆಗೆ ಜೊತೆಯಲ್ಲಿಟ್ಟುಕೊಂಡರು. ಚಿಕ್ಕಂದಿನಲ್ಲಿ ಕಳೆದುಹೋಗಿದ್ದ ತಾಯಿ ಹಾಗೆ ಮರಳಿ ಸಿಕ್ಕರು. ವಯಸ್ಸಾದ ಮೇಲೂ ಟೆನಿಸ್ ಆಡುತ್ತಿದ್ದರಂತೆ. "ಡಾಕ್ಟರ್ ಐಡಾ, ಇಂಡಿಯಾ" ಎಂದಷ್ಟೇ ಬರೆದ ಕಾಗದ ನೇರವಾಗಿ ಅವರ ಕೈ ಸೇರಿತು ಎಂಬ ಕಥೆ ವೇಲೂರಿನಲ್ಲಿ ಎಲ್ಲರಿಗೂ ಗೊತ್ತು. 1960ರ ಮೇ ತಿಂಗಳಿನಲ್ಲಿ ಕೊಡೈಕನಾಲಿನ ಮನೆಯಲ್ಲಿ ತೀರಿಕೊಂಡಾಗ ಅವರಿಗೆ 89 ವರ್ಷ.

ಅವರು ಹಚ್ಚಿದ ದೀಪದಿಂದ ಬೇರೆ ದೀಪಗಳು ಹತ್ತಿದವು. ಕುಷ್ಠದಿಂದ ಮುದುರಿದ ಕೈಬೆರಳನ್ನು ಶಸ್ತ್ರಚಿಕಿತ್ಸೆಯಿಂದ ನೇರ ಮಾಡಿದ ಪಾಲ್ ಬ್ರಾಂಡ್ ಕೆಲಸ ಮಾಡಿದ್ದು ಇಲ್ಲಿ. ಮೇರಿ ವರ್ಗೀಸ್ ಎಂಬ ಕೇರಳದ ಡಾಕ್ಟರಮ್ಮನಿಗೆ 1954ರಲ್ಲಿ ಮೋಟಾರು ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆಕೆ ಗಾಲಿ ಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ತಮ್ಮಂಥವರನ್ನು ಮತ್ತೆ ಬದುಕಿಗೆ ಹಚ್ಚುವ ವಿಭಾಗವನ್ನೇ ಅಲ್ಲಿ ಬೆಳೆಸಿದರು. ಒಂದು ಹಾಸಿಗೆಯಿಂದ ಶುರುವಾದ ಕಡೆ ಇಂದು ದಿನವೂ ಸಾವಿರಾರು ರೋಗಿಗಳು ಬರುತ್ತಾರೆ. ನಾವೂ ಆ ಸಾಲಿನಲ್ಲಿ ನಿಂತು ಬಂದವರು.

ಓರಗಿತ್ತಿಯ ಗೆಡ್ಡೆ ಕೆಟ್ಟದ್ದಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಸುದ್ದಿ ತಿಳಿದ ದಿನ ನಮ್ಮ ಕೊಬ್ಬರಿಯ ಒಂದು ಗಿಟುಕು ಒಡೆದು, ಬೆಲ್ಲ ಸೇರಿಸಿ, ಪಕ್ಕದ ಕೋಣೆಯಾಕೆಗೆ ಕೊಟ್ಟೆ. ಅವರ ಗಂಡನಿಗೆ ಇನ್ನೂ ಚಿಕಿತ್ಸೆ ನಡೆಯುತ್ತಿತ್ತು. ಹೊರಡುವಾಗ ಅವರು ನನ್ನ ಕೈ ಬಿಡಲಿಲ್ಲ. ಮುಂದೇನಾಯಿತೋ ತಿಳಿಯದು. ದಿನಾ ದೀಪ ಹಚ್ಚುವಾಗ ಅವರ ಗಂಡನ ಹೆಸರನ್ನೂ ಸೇರಿಸಿ ಬೇಡಿಕೊಳ್ಳುತ್ತೇನೆ.

ಊರಿಗೆ ಬಂದ ರಾತ್ರಿ ಊಟವಾದ ಮೇಲೆ ಮನೆಯವರಿಗೆಲ್ಲ ಆ ಮೂರು ಸಲ ಬಾಗಿಲು ಬಡಿದ ಕಥೆ ಹೇಳಿದೆ. ನಮ್ಮ ಮಾವನವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳುತ್ತಿದ್ದವರು ಕೈ ನಿಲ್ಲಿಸಿದರು. ಬಹಳ ಹೊತ್ತು ಸುಮ್ಮನಿದ್ದರು.

"ನಮ್ಮಮ್ಮ ಹೋದದ್ದೂ ಹಾಗೇನಮ್ಮ" ಅಂದರು. "ನನಗಾಗ ಐದು ವರ್ಷ. ತಂಗಿ ಹುಟ್ಟುವಾಗ. ಡಾಕ್ಟರು ಜಟಕಾದಲ್ಲಿ ಬಾಗಿಲವರೆಗೂ ಬಂದಿದ್ದರು. ಗಂಡಸು ಡಾಕ್ಟರು ಬೇಡ ಅಂತ ನಮ್ಮಜ್ಜಿ ಒಳಗೆ ಬಿಡಲಿಲ್ಲ."

ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು. ಮಾವನವರ ತಾಯಿ ಚಿಕ್ಕ ವಯಸ್ಸಿಗೆ ತೀರಿಕೊಂಡರು ಎಂಬುದಷ್ಟೇ ಗೊತ್ತಿತ್ತು. ನಡುಮನೆಯ ಗೋಡೆಯ ಮೇಲೆ ಅವರ ಫೋಟೋ ಕೂಡ ಇಲ್ಲ. ಯಾರೂ ತೆಗೆಸಿರಲಿಲ್ಲ.

ಓರಗಿತ್ತಿ ಎದ್ದು ಬಂದು ಮಾವನವರಿಗೆ ನೀರು ಕೊಟ್ಟಳು. ಅವಳ ಮಗು ಅವರ ತೊಡೆಯ ಮೇಲೆಯೇ ನಿದ್ದೆ ಹೋಗಿತ್ತು. ಮಾವನವರು ಅದರ ತಲೆ ಸವರುತ್ತಾ, "ಇದಕ್ಕೆ ಅಮ್ಮ ಉಳಿದಳಲ್ಲ, ಸಾಕು" ಅಂದರು.

ಸೋದರಿಯರೇ, ಮನೆಯಲ್ಲಿ ಸೊಸೆಯೋ ಮಗಳೋ ನೋವೆಂದರೆ "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎಂದು ಕೂರಿಸಬೇಡಿ. ತೋರಿಸಲು ಇವತ್ತು ಲೇಡಿ ಡಾಕ್ಟರಿದ್ದಾರೆ. ಅವರು ಇರುವಂತಾಗಲು ಎಷ್ಟೋ ಮನೆಗಳಲ್ಲಿ ಸಾವಿನ ತಮಟೆ ಬಡಿಯಬೇಕಾಯಿತು. ಮತ್ತು ಅಪರಿಚಿತರು ಯಾರಾದರೂ ನಿಮ್ಮ ಬಾಗಿಲು ಬಡಿದರೆ, ಮೊದಲು ಅವರ ಮುಖ ನೋಡಿ. ಜಾತಿ, ಊರು ಆಮೇಲೆ ಕೇಳಿದರಾಯಿತು.